ಸರಪಳಿ ಬಿಗಿ ಮಾಡಿದೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.30

ಗುಲಾಬಿ ಕುಂಡ ನಲವತ್ತು, ತಾಳೆ ಹನ್ನೆರಡು. ಟ್ರೇಲರಿಗೆ ಹತ್ತಿಸಿಯಾಯಿತು. ನೀರು ಹಾಕುವವಳು ಇವತ್ತೂ ತಡ. "ಗಿಡಕ್ಕೆ ಬಾಯಿಲ್ಲ, ನನಗಿದೆ" ಅಂದೆ. ನಕ್ಕಳು. ನಗುವಂಥದ್ದೇನಿತ್ತೋ.

ಸರಪಳಿಯ ವಿಷಯಕ್ಕೆ ಅಳಿಯನ ಜೊತೆ ಮತ್ತೆ ಮಾತು. ಜೀಪಿನ ಹಿಂದಿನ ಕಬ್ಬಿಣದ ಉಂಡೆಗೆ ಟ್ರೇಲರಿನ ಮೂಕಿ, ಅಂದರೆ ಎಳೆಯುವ ಕಂಬ, ಕೂರಿಸಿದ ಮೇಲೆ ಎರಡು ಸರಪಳಿ ಹಾಕುವುದು ಇದ್ದದ್ದೇ. ಇವನು ಅವನ್ನು ಮೂಕಿಯ ಕೆಳಗೆ ಕತ್ತರಿಯ ಹಾಗೆ ಅಡ್ಡಡ್ಡ ಹಾಕುತ್ತಾನೆ. ಅದೂ ಸಡಿಲ.

"ಇದೇನು ಅಳಿಯಂದಿರೇ, ಸೊಂಟ ಬಿದ್ದವರ ಬೆಲ್ಟಿನ ಹಾಗೆ ಜೋತಾಡ್ತಿದೆ?"

"ಕಾನೂನೇ ಹಾಗಿದೆ ಅತ್ತೆ. ಮೂಕಿ ಕಳಚಿದ್ರೂ ನೆಲಕ್ಕೆ ಬೀಳ್ದೆ ಚೈನಿನ ತೊಟ್ಟಿಲಲ್ಲಿ ನಿಲ್ಬೇಕು. ತಿರುವಲ್ಲಿ ತಿರುಗೋಕೆ ಬೇಕಾದಷ್ಟು ಸಡಿಲ, ರಸ್ತೆಗೆ ತಾಗದಷ್ಟು ಬಿಗಿ."

"ನಿಮ್ಮ ಮಾವ ಮೂವತ್ತು ವರ್ಷ ನೇರ ಹಾಕಿದ್ರು. ಬಿಗಿಯಾಗಿ. ಒಂದು ಕುಂಡ ಒಡೀಲಿಲ್ಲ."

"ಮಾವನ ಟ್ರೇಲರ್ ಇದರ ಅರ್ಧ ಇತ್ತಲ್ಲ ಅತ್ತೆ."

ಅಂಗಿಯ ಜೇಬಿನಲ್ಲಿ ಯಾವಾಗಲೂ ಆ ನಿಯಮದ ಕಿರುಪುಸ್ತಕ. ಪುಸ್ತಕದ ಬದನೆಕಾಯಿ ಅಂದೆ. ಸುಮ್ಮನೆ ನಕ್ಕ. ಮನೆಅಳಿಯನಾಗಿ ನಾಲ್ಕು ವರ್ಷ, ಇವನಿಗೆ ಸಿಟ್ಟು ಬಂದದ್ದು ನೋಡಿಲ್ಲ. ಅದೇ ನನಗೆ ಸಿಟ್ಟು. ಹದಿನೆಂಟು ವರ್ಷ ಶಾಲಾ ಬಸ್ಸು ಓಡಿಸಿದವನು. ಲೈಸೆನ್ಸಿನ ಮೇಲೆ ಒಂದು ಗೀರಿಲ್ಲ. ಜೂನ್‌ಗೆ ಮತ್ತೆ ಬಸ್ಸಿಗೆ ಕರೆದಿದ್ದಾರೆ. ಹೋಗಲಿ.

ಮಾರ್ಚ್ 4, ಮಂಗಳವಾರ. 8.15

ಇವತ್ತೂ ಸಡಿಲ. ಅಳಿಯ ಬಿಲ್ ತರಲು ಒಳಗೆ ಹೋಗಿದ್ದ. ಬಗ್ಗಿದೆ... ಸೊಂಟ ಬೇಡವೆಂದಿತು, ಆದರೂ ಬಗ್ಗಿದೆ. ಎರಡನ್ನೂ ಕಳಚಿ, ಹಗ್ಗ ಹೊಸೆದ ಹಾಗೆ ತಿರುಚಿ ಗಿಡ್ಡ ಮಾಡಿ, ನೇರ ಸಿಕ್ಕಿಸಿದೆ. ಈಗ ಮನೆತನದ ಗಾಡಿಯ ಹಾಗೆ ಕಂಡಿತು.

ಗೇಟ್ ಪುಸ್ತಕದಲ್ಲಿ ಬರೆದೆ: "ಸರಪಳಿ ಸಡಿಲ ಇತ್ತು. ಬಿಗಿ ಮಾಡಿದೆ." ಸಹಿ. ನಾನು ಒಂದು ಸುತ್ತು ಬಂದು ನೋಡಿ, ಬರೆಯದೆ ನಮ್ಮ ನರ್ಸರಿಯ ಗೇಟನ್ನು ಯಾವ ಗಾಡಿಯೂ ದಾಟಿಲ್ಲ. ಮೂವತ್ತೊಂದು ವರ್ಷ. ಹಾಳೆಗಳಿಗೆ ನಂಬರೂ ನಾನೇ ಹಾಕುತ್ತೇನೆ.

ಅಳಿಯ ತಡವಾಯಿತೆಂದು ತನ್ನ ಸಹಿ ಹಾಕದೆ ಓಡಿದ. ಸಂಜೆ ಬರಲಿ.

ಅದೇ ದಿನ. 11.50

ಫೋನು. ಇಳಿಜಾರಿನ ತಿರುವಿನಲ್ಲಿ ಟ್ರೇಲರ್ ಕಳಚಿಕೊಂಡಿದೆ. ಗಡಿಯಾರ ರಿಪೇರಿಯವರ ಅಂಗಡಿಗೆ ನುಗ್ಗಿದೆ. ಅವರ ಕೈ... ಮಗಳು ಚಪ್ಪಲಿ ಹುಡುಕುತ್ತಿದ್ದಾಳೆ. ಹೊರಟೆವು.

ಮಾರ್ಚ್ 6, ಗುರುವಾರ. ಆಸ್ಪತ್ರೆ

ಗಡಿಯಾರದವರ ಬಲಗೈ ಮಣಿಕಟ್ಟು. ಎರಡು ಕಡೆ ಮುರಿದಿದೆ. ಮುಳ್ಳಿನಷ್ಟು ಸಣ್ಣ ಸ್ಕ್ರೂ ಹಿಡಿಯುತ್ತಿದ್ದ ಕೈ ದಿಂಬಿನ ಮೇಲೆ ಮೂಟೆಯ ಹಾಗೆ ಬಿದ್ದಿತ್ತು.

"ಅಮ್ಮಾವ್ರು ಬಂದ್ರಾ? ನೋಡಿ, ಊರೆಲ್ಲ ನನ್ನ ಹತ್ರ ರಿಪೇರಿಗೆ ಬರ್ತಿತ್ತು. ಈಗ ನಾನೇ ರಿಪೇರಿಗೆ."

ಅವರ ಹೆಂಡತಿ ನಗಲಿಲ್ಲ. ನಾನೂ.

"ನಿಮ್ಮ ಅಳಿಯ ಚೈನು ಸರಿಯಾಗಿ ಹಾಕಿರ್ಲಿಲ್ಲವಂತೆ. ಒಳ್ಳೇ ಮನುಷ್ಯ. ಹೇಗೆ ಮರೆತ್ರೋ" ಅಂದರು ಗಡಿಯಾರದವರೇ.

ಕಿತ್ತಳೆ ಸುಲಿದು ಎಡಗೈಗೆ ಕೊಟ್ಟೆ. ಒಂದು ಬೀಜವೂ ಉಳಿಯದ ಹಾಗೆ ತೆಗೆದು ಕೊಟ್ಟೆ.

ಮಾರ್ಚ್ 7, ಶುಕ್ರವಾರ. ಸಂಜೆ

ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರ್ ಬಂದಿದ್ದರು. ನನ್ನ ಮಗಳಿಗಿಂತ ಚಿಕ್ಕವಳು. ಮಣ್ಣಿನಲ್ಲಿ ಅಂಗಾತ ಮಲಗಿ ಟ್ರೇಲರಿನ ಅಡಿ ನೋಡಿದಳು. ಎದ್ದು ಧೂಳು ಕೊಡವಿಕೊಳ್ಳದೆ ಮಾತಾಡಿದಳು.

"ಚೈನು ತಿರುಚಿದಾರೆ. ತಿರುಚಿದ್ರೆ ಕೊಂಡಿಯ ಶಕ್ತಿ ಹೋಗುತ್ತೆ. ತಿರುವಿನಲ್ಲಿ ಎಳೆದು ಒಂದು ಕಿತ್ತುಹೋಗಿದೆ. ಆಮೇಲೆ ರಸ್ತೆಯ ಉಬ್ಬಿನಲ್ಲಿ ಮೂಕಿ ಹಾರಿದೆ, ಇನ್ನೊಂದೂ ಕಿತ್ತುಹೋಗಿದೆ. ಅಡ್ಡ ಹಾಕಿರ್ಲಿಲ್ಲ, ಹಿಡಿಯೋಕೆ ಏನೂ ಇರ್ಲಿಲ್ಲ. ಕಟ್ಟಿದ್ದು ಯಾರು?"

ಅಳಿಯ ಕಿತ್ತುಹೋದ ಕೊಂಡಿಯನ್ನು ಕೈಯಲ್ಲಿ ಹಿಡಿದು ನೋಡಿದ. ತುಂಬ ಹೊತ್ತು ನೋಡಿದ. ತನ್ನ ಕೆಲಸವಲ್ಲವೆಂದು ಅವನಿಗೆ ಗೊತ್ತಾದದ್ದು ನನಗೆ ಗೊತ್ತಾಯಿತು.

"ಗಾಡಿ ಓಡಿಸಿದವನು ನಾನು ಮೇಡಂ" ಅಂದ. ಅಷ್ಟೇ.

"ಗೇಟಲ್ಲಿ ಏನಾದ್ರೂ ಬರೆದಿಡ್ತೀರಾ?" ನನ್ನನ್ನು ಕೇಳಿದಳು.

"ಇಲ್ಲ" ಅಂದೆ.

ಮೂವತ್ತೊಂದು ವರ್ಷ. ಒಂದೇ ಮಾತಿಗೆ ಇಲ್ಲವಾಯಿತು.

ಗೇಟ್ ಪುಸ್ತಕ ಈಗ ಬೀಜದ ಕಪಾಟಿನಲ್ಲಿದೆ. ಸೂರ್ಯಕಾಂತಿ ಪೊಟ್ಟಣಗಳ ಕೆಳಗೆ. ವಿಚಾರಣೆ 20ಕ್ಕೆ. ಅಳಿಯನ ಲೈಸೆನ್ಸ್ ರದ್ದಾಗಬಹುದಂತೆ. ಹಾಗಾದರೆ ಜೂನ್‌ಗೆ ಬಸ್ಸೂ ಇಲ್ಲ.

ಮಾರ್ಚ್ 8

ಕುಂಡ ಎಣಿಸಿದೆ. ಐವತ್ತೆರಡು. ಮತ್ತೆ ಎಣಿಸಿದೆ. ನಲವತ್ತೊಂಬತ್ತು.

ಮಾರ್ಚ್ 12, ಬುಧವಾರ

ಕೂತರೆ ಏಳಬೇಕು, ಎದ್ದರೆ ಕೂರಬೇಕು. ನೀರು ಹಾಕುವವಳಿಗೆ ಮೂರು ಸಲ ಬಯ್ದೆ. "ಅಮ್ಮಾ, ಇವತ್ತು ನಾನು ಬೇಗ ಬಂದಿದೀನಿ" ಅಂದಳು. ನಿಜ.

ಅಡುಗೆಮನೆಯಲ್ಲಿ ಮಗಳು ನನ್ನೆದುರು ನಿಂತಳು. ಕೈಯಲ್ಲಿ ಸೌಟು.

"ಅಮ್ಮ, ನೇರ ಕೇಳ್ತೀನಿ. ಆವತ್ತು ಚೈನು ನೀನು ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಟಲಿ?"

"ನೀನು ಮುಟ್ಟದ ವಸ್ತು ಈ ಮನೇಲಿ ಯಾವ್ದಿದೆ? ಉಪ್ಪು ಹಾಕಿದ ಸಾರಿಗೂ ಮತ್ತೆ ಉಪ್ಪು ಹಾಕ್ತೀಯ."

"ಗಂಡ ಹೇಳಿಕೊಟ್ಟನಾ?"

"ಅವರು ಬಾಯಿ ಬಿಟ್ಟಿದ್ರೆ ನಾನು ನಿನ್ನನ್ನ ಕೇಳ್ತಿರ್ಲಿಲ್ಲ."

ಸಾರು ಉಕ್ಕಿತು. ಇಬ್ಬರೂ ಒಲೆ ಆರಿಸಲಿಲ್ಲ.

ಮಧ್ಯಾಹ್ನ ಅಳಿಯನ ಕಿರುಪುಸ್ತಕ ಬೆಂಚಿನ ಮೇಲೆ ಸಿಕ್ಕಿತು. ಕನ್ನಡಕ ಹಾಕಿ ಓದಿದೆ. ಹದಿನಾಲ್ಕನೆಯ ಪುಟ. ಎರಡು ಸರಪಳಿ. ಒಂದೊಂದೂ ತುಂಬಿದ ಟ್ರೇಲರಿನ ಭಾರ ತಡೆಯಬೇಕು. ಮೂಕಿಯ ಕೆಳಗೆ ಅಡ್ಡ. ಹುಕ್ಕಿಗೆ ತಾನಾಗಿ ಕಳಚದಂತೆ ಚಿಲಕ. ಕೊನೆಯ ಸಾಲು: "ಸರಪಳಿಯನ್ನು ತಿರುಚಿ ಗಿಡ್ಡ ಮಾಡಬಾರದು." ನನ್ನಂಥವಳು ಹಿಂದೆಯೂ ಒಬ್ಬಳು ಇದ್ದಿರಬೇಕು. ಇಲ್ಲದಿದ್ದರೆ ಅದನ್ನು ಯಾಕೆ ಬರೆಯುತ್ತಾರೆ?

ಹೈಸ್ಕೂಲಿನ ತನಕ ಓದಿದವಳು. ಓದಲು ಬರುತ್ತಿತ್ತು. ಓದಲಿಲ್ಲ.

ಮಾರ್ಚ್ 17, ಸೋಮವಾರ. ಮಧ್ಯಾಹ್ನ 3

ಸುಳ್ಳು ಬರೆಯುವುದಿಲ್ಲ. ಹಾಳೆ ಹರಿಯಲೆಂದೇ ಕಪಾಟು ತೆಗೆದೆ. ನಂಬರು ತಪ್ಪುತ್ತದೆ, ತಪ್ಪಲಿ ಎಂದುಕೊಂಡೆ.

ಮಾರ್ಚ್ 4ರ ಸಾಲು. ನನ್ನ ಕಪ್ಪು ಶಾಯಿ — "ಬಿಗಿ ಮಾಡಿದೆ." ಅದರ ಮುಂದೆ, ಆವತ್ತು ಖಾಲಿ ಇದ್ದ ಚಾಲಕರ ಜಾಗದಲ್ಲಿ, ನೀಲಿ ಶಾಯಿಯಲ್ಲಿ ಅಳಿಯನ ಸಹಿ.

ಕಪಾಟಿನ ಬಾಗಿಲು ಹಿಡಿದು ನಿಂತೆ. ಶನಿವಾರ ಗಿರಾಕಿಯೊಬ್ಬರು ಸೂರ್ಯಕಾಂತಿ ಬೀಜ ಕೇಳಿದ್ದರು. ಕೀ ಕೊಟ್ಟವಳು ನಾನೇ. ತೆಗೆದುಕೊಟ್ಟವನು ಅವನು.

ನಾಳೆ ಈ ಪುಸ್ತಕ ಯಾರ ಕೈಗೆ ಸಿಕ್ಕರೂ, ಚಾಲಕ ನೋಡಿದ, ಒಪ್ಪಿದ, ಹೊರಟ ಎಂದಾಗುತ್ತದೆ. ತಪ್ಪು ಅವನದು. ನಾನು ಬರಿಯ ಮುದುಕಿ.

ಅವನು ಆ ಹಾಳೆ ಹರಿದುಹಾಕಬಹುದಿತ್ತು. ಹರಿದಿದ್ದರೆ ಬಯ್ಯಬಹುದಿತ್ತು. ನನ್ನ ಪುಸ್ತಕಕ್ಕೆ ಕೈ ಹಚ್ಚಿದಿರಾ ಎಂದು ಮನೆ ಹಾರಿಹೋಗುವ ಹಾಗೆ ಬಯ್ಯಬಹುದಿತ್ತು. ಸಹಿ ಹಾಕಿ, ಪೊಟ್ಟಣಗಳನ್ನು ಇದ್ದ ಹಾಗೇ ಜೋಡಿಸಿಟ್ಟಿದ್ದಾನೆ.

ನನ್ನ ಬರಹಕ್ಕೆ ಇನ್ನೊಬ್ಬರು ಹೊಣೆ ನಿಲ್ಲುವ ಕಾಲ ಬಂತೇ? ಮೈ ಉರಿಯುತ್ತಿದೆ. ಅವನ ಮೇಲೆ ಅಲ್ಲ. ಅವನ ಮೇಲೂ.

ಮಾರ್ಚ್ 19, ಬುಧವಾರ. ಬೆಳಿಗ್ಗೆ 6.45

ಶೆಡ್ಡಿಗೆ ಹೋದೆ. ಹೊಸ ಸರಪಳಿ ತಂದಿಟ್ಟಿದ್ದಾರೆ. ಜೀಪು, ಟ್ರೇಲರ್ ಜೋಡಿಸಿಯೇ ಇತ್ತು. ಮೊಣಕಾಲಿಗೆ ಗೋಣಿ ಹಾಸಿ ಕೂತೆ. ಎಡದ್ದು ಬಲಕ್ಕೆ. ಬಲದ್ದು ಎಡಕ್ಕೆ. ಮೂಕಿಯ ಕೆಳಗೆ. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಕೂತಿತು.

ಹಿಂದೆ ಹೆಜ್ಜೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ನೋಡಿ ಅಳಿಯಂದಿರೇ. ಸರಿ ಇದೆಯಾ?"

ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಸರಪಳಿಯ ಕೆಳಗೆ ಕೈ ಇಟ್ಟು ನೋಡಿದ. ಒಂದು ಹುಕ್ಕಿನ ಚಿಲಕ ಪೂರ್ತಿ ಬಿದ್ದಿರಲಿಲ್ಲ. ಬೆರಳಿನಿಂದ ಒತ್ತಿದ. ಟಕ್.

"ಈಗ ಸರಿ ಇದೆ ಅತ್ತೆ."

"ನಿಮ್ಮ ಸಹಿ ನೋಡಿದೆ."

ಕೈಯ ಎಣ್ಣೆ ಒರೆಸಿಕೊಂಡ.

"ಯಾರನ್ನ ಕೇಳಿ ಹಾಕಿದ್ರಿ?"

"ಆವತ್ತು ಮರೆತಿದ್ದೆ ಅತ್ತೆ. ನೀವೇ ಬಯ್ತಿದ್ರಿ."

"ಬಯ್ತಿದ್ದೆ. ಈಗ್ಲೂ ಬಯ್ತೀನಿ. ನೋಡದ್ದಕ್ಕೆ ಸಹಿ ಹಾಕೋದು ಯಾವ ಕಾನೂನು? ಯಾವ ಪುಟದಲ್ಲಿದೆ, ತೋರ್ಸಿ."

ಜೇಬು ಮುಟ್ಟಿಕೊಂಡ. ಆ ಕಿರುಪುಸ್ತಕ ನನ್ನ ಹತ್ತಿರ ಇತ್ತು. ಕೊಟ್ಟೆ. ಕೈ ಹಿಡಿದು ನನ್ನನ್ನು ಎಬ್ಬಿಸಿದ. ಎಬ್ಬಿಸಲು ಬಿಟ್ಟೆ.

ಮಾರ್ಚ್ 20, ಗುರುವಾರ. 11.10. ಸಾರಿಗೆ ಕಚೇರಿ

ಉದ್ದದ ಬೆಂಚು. ಒಂದು ಕಾಲು ಗಿಡ್ಡ, ಮಗಳು ಕದಲಿದರೆ ನಾನೂ ಕದಲುತ್ತೇನೆ. ಅಳಿಯ ಇಸ್ತ್ರಿ ಅಂಗಿ ಹಾಕಿದ್ದಾನೆ. ಎದುರಿನ ಬೆಂಚಿನಲ್ಲಿ ಗಡಿಯಾರದವರು, ಕೈ ಇನ್ನೂ ಕುತ್ತಿಗೆಯ ಜೋಲಿಯಲ್ಲಿ. ಕಚೇರಿಯ ಗೋಡೆಗಡಿಯಾರ ಎಂಟು ನಿಮಿಷ ಹಿಂದೆ ಅಂತ ಬಂದ ಕೂಡಲೇ ಹೇಳಿದರು.

ನನ್ನ ಮಡಿಲಲ್ಲಿ ಚೀಲ. ಚೀಲದಲ್ಲಿ ಗೇಟ್ ಪುಸ್ತಕ. ಮಗಳು ಕೇಳಿದಳು, "ಏನಮ್ಮ ಅದು, ಇಷ್ಟು ಭಾರ?" ಹೇಳಲಿಲ್ಲ. ಒಂದು ಸಲ ಹೇಳುವುದೇ ಸಾಕಷ್ಟಿದೆ. ಎರಡು ಸಲ ನನ್ನಿಂದಾಗದು.

ಬೆಳಿಗ್ಗೆ ಆ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆದಿದ್ದೇನೆ. "ಚಾಲಕ ಇದನ್ನು ನೋಡಿರಲಿಲ್ಲ. ಸಹಿ ಆಮೇಲಿನದು." ತಾರೀಖು, ನನ್ನ ಸಹಿ. ಸಾಲು ಸೊಟ್ಟ. ಅಕ್ಷರ ಓದಲು ಬರುತ್ತದೆ.

ಅಂಗಡಿ ಮತ್ತೆ ಯಾವಾಗ ತೆಗೀತೀರಿ ಎಂದು ಗಡಿಯಾರದವರನ್ನು ಕೇಳಬೇಕು. ಇದು ಮುಗಿದ ಮೇಲೆ. ಆಮೇಲೆ ಅವರು ನನ್ನ ಜೊತೆ ಮಾತಾಡಿದರೆ.

ಬಾಗಿಲು ತೆರೆಯಿತು. ಅಳಿಯನನ್ನು ಕೂಗಿದರು. ಎದ್ದ. ಭುಜದ ಮೇಲೆ ಕೈ ಇಟ್ಟು ಕೂರಿಸಿದೆ. "ಕೂತ್ಕೊಳ್ಳಿ. ಕಟ್ಟಿದವರು ಯಾರು ಅಂತ ತಾನೇ ಅವರು ಕೇಳಿದ್ದು? ಮೊದಲು ನಾನು—"