ಇಲಿಯೂ ನುಗ್ಗದ ಕಿಟಕಿ

ವಿಠ್ಠಲವಾಡಿ,
೨ ಆಗಸ್ಟ್ ೨೦೦೫

ಸಮಿತನ ಪಪ್ಪನಿಗೆ ಲೋಲಾಕ್ಷಿಯ ನಮಸ್ಕಾರ.

ನಿಮ್ಮ ಬೆನ್ನುನೋವು ಹೇಗಿದೆ? ಮಸ್ಕತ್ತಿನ ಸೆಕೆಗೆ ಎಸಿಯ ಕೆಳಗೇ ಮಲಗಬೇಡಿ ಎಂದರೆ ನೀವು ಕೇಳುವವರಲ್ಲ. ನಾವು ಮೂವರೂ ಕ್ಷೇಮ. ಮೊನ್ನೆ ಪಿಸಿಒ ಫೋನಿನಲ್ಲಿ ನಿಮ್ಮ ಸ್ವರ ಕೇಳಿದ್ದೇ ಕ್ಷೇಮ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ನಡೆದದ್ದನ್ನು ಈಗ ಬರೆಯುತ್ತೇನೆ, ಕುಳಿತುಕೊಂಡು ಓದಿ.

ಮಹಾಮಳೆಯ ಆ ಮಂಗಳವಾರ ಸಮಿತನ ಶಾಲೆ ಬೇಗ ಬಿಟ್ಟಿತ್ತು. ಅವನನ್ನು ಕರೆತಂದು, ಬಾಗಿಲು ಭದ್ರಮಾಡಿ ಸಾರಿಗಿಟ್ಟೆ. ನೀರು ಮೊದಲು ಬಂದದ್ದು ಬಚ್ಚಲಿನ ತೂಬಿನಿಂದ. ನಾನೋ, ಅಕ್ಕಿಡಬ್ಬ ಅಟ್ಟಕ್ಕೇರಿಸುವುದರಲ್ಲಿ ಮುಳುಗಿದ್ದೆ. ಹೊರಗೆ ಹೋಗೋಣವೆಂದು ತಿರುಗಿದರೆ, ಎಲ್ಲಿಂದಲೋ ತೇಲಿ ಬಂದ ಕೈಗಾಡಿಯೊಂದು ನಮ್ಮ ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಅಡ್ಡ ಸಿಕ್ಕಿಕೊಂಡಿತ್ತು. ಎಷ್ಟು ದೂಡಿದರೂ ಅಲುಗಲಿಲ್ಲ. ಉಳಿದದ್ದು ಕಿಟಕಿ. ಕಳೆದ ರಜೆಯಲ್ಲಿ, ಕೆಳಮನೆ, ಒಂಟಿ ಹೆಂಗಸು, ಇಲಿಯೂ ನುಗ್ಗಬಾರದು ಎಂದು ನೀವೇ ನಿಂತು ಗ್ರಿಲ್ ಕೂರಿಸಿದ್ದಿರಲ್ಲ, ಅದು. ಇಲಿಗಳು ಹೇಗೋ ಈಜಿ ಪಾರಾಗಿದ್ದವು. ಒಳಗೆ ಉಳಿದವರು ನಾವೇ.

ಮಕ್ಕಳನ್ನು ಕಪಾಟಿನ ಮೇಲೆ ಕೂರಿಸಿ ಮಂಚದ ಮೇಲೆ ನಿಂತೆ. ನೀರು ಸೊಂಟಕ್ಕೆ ಬಂತು. ಪುಟ್ಟ ರಮಿತಾ ಅತ್ತು ಅತ್ತು ಸುಸ್ತಾದಳು, ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು. ಸಮಿತ್ ಮಾತ್ರ "ಮಮ್ಮೀ, ಪಪ್ಪಾ ಕೋ ಬುಲಾವೋ, ಚಾವಿ ಉನ್ಕೇ ಪಾಸ್ ಹೋಗೀ" ಎಂದು ಒಂದೇ ಸಮನೆ ಹೇಳುತ್ತಿದ್ದ. ಪಪ್ಪನನ್ನು ಕರೆದರೂ ಆ ಗ್ರಿಲ್ಲಿಗೆ ಚಾವಿಯೇ ಇಲ್ಲವೆಂದು ಆ ಮಗುವಿಗೆ ಹೇಗೆ ಹೇಳಲಿ? ಆಗ ನಿಮ್ಮ ಮೇಲೆ ಬಂದ ಸಿಟ್ಟನ್ನು ಬರೆಯಲಾರೆ. ಪ್ರೀತಿಯಿಂದ ಹಾಕಿಸಿದ್ದೆಂದು ಗೊತ್ತಿದ್ದೂ ಬಂತು.

ನನ್ನ ಕೂಗು ಕೇಳಿದ್ದು ಮೇಲಿನ ಮನೆಯ ಚಂದ್ರಬಾಯಿಗೆ. ಗುಲ್ಬರ್ಗ ಕಡೆಯವರು, ಹೆಚ್ಚು ಬಳಕೆ ಬೇಡ ಎಂದಿದ್ದಿರಲ್ಲ, ಅವರೇ. "ತಂಗೀ, ಕೂಸಿನ ಕೈ ಬಿಡಬ್ಯಾಡ, ನಮ್ಮವರು ಬರಾಕತ್ಯಾರ" ಎಂದು ಮೇಲಿನಿಂದಲೇ ಧೈರ್ಯ ಹೇಳಿದರು. ಅವರ ಗಂಡ ಜಟ್ಟೆಪ್ಪ ಗಾರೆ ಕೆಲಸದವರು. ಎದೆಮಟ್ಟದ ನೀರಿನಲ್ಲಿ ಹಾರೆ ಹಿಡಿದು ಬಂದರು. ನಿಮ್ಮ ಗ್ರಿಲ್ ಬಗ್ಗಲಿಲ್ಲ, ಅಷ್ಟು ಗಟ್ಟಿ ಕೆಲಸ. ಗೋಡೆಯನ್ನೇ ಒಡೆಯಬೇಕಾಯಿತು. ಮಕ್ಕಳನ್ನು ಆ ಸಂದಿಯಿಂದ ಅಡ್ಡಡ್ಡವಾಗಿ ದಾಟಿಸಿ ನಾನೂ ನುಸುಳಿ ಬಂದೆ. ಅಂದಿನಿಂದ ಅವರ ಮನೆಯಲ್ಲೇ ಇದ್ದೇವೆ. ಜೋಳದ ರೊಟ್ಟಿ ಸಮಿತನಿಗೆ ಹಿಡಿಸಿದೆ, ನನಗೆ ದವಡೆ ನೋವು. ಸೊಸೈಟಿಯವರು ಈಗ ಗಟಾರದ ಹೂಳು ತೆಗೆಸುತ್ತಿದ್ದಾರೆ, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಹಾಗೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ನಮ್ಮ ಚಿಂತೆಯಲ್ಲಿ ನಿದ್ದೆ ಕೆಡಿಸಿಕೊಳ್ಳಬೇಡಿ. ಮಕ್ಕಳ ಮುತ್ತುಗಳೊಂದಿಗೆ,

ನಿಮ್ಮ
ಲೋಲಾಕ್ಷಿ

ತಾ.ಕ.: ಗ್ರಿಲ್ ಮತ್ತೆ ಕೂರಿಸಲು ಜನ ಕಳಿಸುತ್ತೇನೆ ಎಂದು ಬರೆಯಬೇಡಿ. ಚಿಲಕದ ಸದ್ದು ಕೇಳಿದರೆ ಸಾಕು, ರಮಿತಾ ನಡುಗುತ್ತಾಳೆ. ಚಂದ್ರಬಾಯಿಯವರ ಪಕ್ಕದ ಮನೆ ಬಾಡಿಗೆಗೆ ಖಾಲಿಯಿತ್ತು, ಮಾತು ಕೊಟ್ಟು ಬಂದಿದ್ದೇನೆ. ಅಶುಭದ ಆಟಿ ತಿಂಗಳಲ್ಲಿ ಮನೆ ಬದಲಿಸಬಾರದು ಎಂದು ಊರಿನಿಂದ ಅತ್ತೆ ಹೇಳಿಯೇ ಹೇಳುತ್ತಾರೆ. ಆಟಿ ಮುಗಿಯುವವರೆಗೆ ಆ ಕೆಳಮನೆಯ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಲಾರೆ. ನಾಳೆಯೇ ಹಾಲು ಉಕ್ಕಿಸುತ್ತೇನೆ. ಮದುವೆಯಾದ ಮೇಲೆ ನಿಮ್ಮನ್ನು ಕೇಳದೆ ಮಾಡಿದ ಮೊದಲ ಕೆಲಸ ಇದು. ಬೈಯುವುದಿದ್ದರೆ ಬಂದು ಬೈಯಿರಿ.