ನೀರಿಗಿಳಿಯದ ರಾವುತರು

ಕೇತಕಗಡ
ಮಾರ್ಗಶೀರ್ಷ ಬಹುಳ ಪಂಚಮಿ

ಅಣ್ಣ ರಾಯಾಜಿರಾಯರಿಗೆ ತಂಗಿ ಸಗುಣಾಬಾಯಿಯ ನಮಸ್ಕಾರ.

ನಿನ್ನ ಕ್ಷೇಮ ಕೇಳುವುದಿಲ್ಲ. ಮೈಮೇಲೆ ಒಂದು ಗೀರೂ ಇಲ್ಲದೆ ಯುದ್ಧದಿಂದ ಮರಳಿದವನು ಕ್ಷೇಮವಾಗಿಯೇ ಇರುತ್ತಾನೆ.

ನೀನು ಕಳಿಸಿದ ವಿಸಾಜಿ ಪಂತರು ನಿನ್ನೆ ಬಂದಿದ್ದರು. ನನ್ನ ಹಣೆಯ ಕುಂಕುಮ ಕಂಡು ಗಲಿಬಿಲಿಗೊಂಡರು. ಅಣ್ಣ ಹೇಳಿ ಕಳಿಸಿದನೆಂದು ಅಳಿಸಿಕೊಳ್ಳುವವಳಲ್ಲ ನಾನು ಎಂದೆ. ಬೆಲ್ಲ ನೀರು ಕುಡಿದು ಮೆಲ್ಲಗೆ ಮಾತು ತೆಗೆದರು: “ಆದದ್ದು ಆಗಿಹೋತು, ಬಾಯಿಸಾಹೇಬ. ಕೋಟಿ ಬಾಗಲದ ಕೀಲಿ ಕೊಟ್ಟು ತವರಿಗೆ ನಡೀರಿ. ನಿಮ್ಮಣ್ಣಾರು ಅನ್ನಕ್ಕೇನು ಕಡಿಮಿ ಮಾಡೂದಿಲ್ಲ.”

“ಪಂತ್ರ, ನಮ್ಮನಿಯವ್ರ ಹೆಣ ಸಿಕ್ತೇನು ಅಂತ ನಮ್ಮಣ್ಣ ಒಂದು ಮಾತರ ಕೇಳ್ಯಾನೇನ್ರಿ?” ಎಂದೆ. ಅವರು ಪಗಡಿ ಸರಿಮಾಡಿಕೊಂಡು ಎದ್ದರು.

ದಸರೆಯ ದರ್ಬಾರಿನಲ್ಲಿ ಪೇಶ್ವೆಯವರು ದಂಡಿನ ಮುಂದೆ ನಗಾರಿ ಬಾರಿಸಿಕೊಂಡು ನಡೆಯುವ ಗೌರವವನ್ನು ನಿನಗೆ ಕೊಡದೆ ನನ್ನ ಗಂಡನಿಗೆ ಕೊಟ್ಟಾಗಲೇ ನಿನ್ನ ಮುಖ ಕಪ್ಪಿಟ್ಟಿತ್ತು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು, ಸರಿಹೋಗುತ್ತದೆ ಅಂದುಕೊಂಡೆ. ಗೋದಾವರಿಯನ್ನು ಮೊದಲು ಅವರು ದಾಟುವುದು, ಬೆನ್ನಿಗೇ ನೀನು ದಾಟುವುದು ಎಂದು ಮಾತಾಗಿತ್ತು. ಅವರು ದಾಟಿದರು. ನಿಜಾಮನ ಸೈನ್ಯ ಸುತ್ತುವರಿಯಿತು. ಕಹಳೆ ಊದಿ ಊದಿ ಕರೆದರೂ ನಿನ್ನ ರಾವುತರು ನೀರಿಗಿಳಿಯಲಿಲ್ಲ, ನೀನು ಇಳಿಯಗೊಡಲಿಲ್ಲ. “ನಗಾರಿ ಅವಂದೇ ಅಲ್ಲೇನು? ಬಾರಿಸ್ಕೊಳ್ಳಲಿ ಬಿಡ್ರಿ” ಎಂದು ಜೀನಿನ ಮೇಲೆ ಕೂತು ನಕ್ಕೆಯಂತೆ. ನಿನ್ನ ದಳ ಬಿಟ್ಟು ಬಂದವನೊಬ್ಬ ನನ್ನೆದುರು ಅತ್ತುಕೊಂಡು ಹೇಳಿದ.

ಸತ್ತವರೆಲ್ಲ ಈ ಕೋಟೆಯ ಬುಡದ ಹಳ್ಳಿಗಳವರು. ಅವರ ಹೆಂಡಂದಿರು ಬಂದು “ನಿಮ್ಮ ತವರಿನವ್ರು ಯಾಕ ಬರ್ಲಿಲ್ಲವ್ವಾ?” ಎಂದು ಕೇಳುತ್ತಾರೆ. ಏನು ಹೇಳಲಿ? ಅದು ಸಾಲದೆಂದು, ನನ್ನ ಗಂಡನ ಹೆಸರೆತ್ತಿ, ‘ಸುಭಾನಜಿ ಕೀರ್ತಿಯ ಆಸೆಗೆ ನುಗ್ಗಿ ಜನರನ್ನು ಕೊಲ್ಲಿಸಿದ’ ಎಂದು ಪುಣೆಯಲ್ಲಿ ದೂರು ಹೇಳಿ, ಅವರ ಜಹಗೀರನ್ನೇ ಬೇಡಿದೆಯಲ್ಲ! ನಾಲಗೆ ಹೇಗೆ ಹೊರಳಿತು ನಿನಗೆ?

ಕೋಟೆ ಕೊಡುವುದಿಲ್ಲ. ದಂಡು ತರುವುದಾದರೆ ತಾ. ಬಾಗಿಲಲ್ಲಿ ಕತ್ತಿ ಹಿಡಿದು ನಿಲ್ಲುವವಳು ನಾನೇ.

ನಿನ್ನ ತಂಗಿಯೆಂದು ಕರೆಸಿಕೊಳ್ಳಲು ನಾಚುವ,
ಸಗುಣಾಬಾಯಿ

ತಾ.ಕ.: ಮೀನುಗಾರರು ನಮ್ಮನೆಯವರನ್ನು ಹೊಳೆಯಿಂದೆತ್ತಿ ಉಳಿಸಿದರು. ಪಂತರು ಮಾತಾಡುವಾಗ ಇವರು ಪಕ್ಕದ ಕೋಣೆಯಲ್ಲೇ ಮಲಗಿ ಎಲ್ಲವನ್ನೂ ಕೇಳಿಸಿಕೊಂಡರು. ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ಅವರ ಮೇಣೆ ಪುಣೆ ಮುಟ್ಟಿರುತ್ತದೆ. ದರ್ಬಾರಿನಲ್ಲಿ ಅವರೇ ಮಾತಾಡುತ್ತಾರೆ. ನೀನೂ ತಪ್ಪದೆ ಬಾ.