ಅರ್ಧ ಹಾಸಿಗೆ ಖಾಲಿ

ಡಿ. 2, ಮಂಗಳವಾರ. ಜಮಖಂಡಿ, ಬೆಳಿಗ್ಗೆ 6

ಎದ್ದದ್ದಲ್ಲ, ಎದ್ದೇ ಇದ್ದದ್ದು. ಒಲೆ ಮೇಲೆ ಚಹಾ. ರಾತ್ರಿ ಮತ್ತೆ ಎಷ್ಟೋ ಸಲ ಎಚ್ಚರ. ಥಟ್ಟನೆ ಕಣ್ಣು ಬಿಡುತ್ತೇನೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ. ಪಕ್ಕದಲ್ಲಿ ಇವರ ಗೊರಕೆ — ಕಬ್ಬು ತುಂಬಿದ ಟ್ರ್ಯಾಕ್ಟರ್ ಏರು ಹತ್ತಿದ ಹಾಗೆ.

ರಾತ್ರಿಯೆಲ್ಲ ಗಸ್ತು,
ಹಗಲೆಲ್ಲ ಸುಸ್ತು.

ಅತ್ತೆ ಬಚ್ಚಲಿನಿಂದಲೇ: "ನಮ್ಮ ನೀಲಕಂಠಗ ನೋಡವಾ, ದೇವರು ಛಲೋ ನಿದ್ದಿ ಕೊಟ್ಟಾನ."

ದೇವರು ತುಸು ಹೆಚ್ಚೇ ಕೊಟ್ಟಿದ್ದಾನೆ. ನಿನ್ನೆ ಮಹಾಲಿಂಗಪುರದ ಬೆಲ್ಲದ ಲಿಲಾವಿನಲ್ಲಿ, ಹರಾಜು ಕೂಗುವಾಗ, ನಿಂತಲ್ಲೇ ತೂಕಡಿಸಿದರಂತೆ. ತಲೆ ಬಾಗಿದ್ದನ್ನು ಒಪ್ಪಿಗೆ ಎಂದುಕೊಂಡರು. ಬೇಡದ ಮಾಲು ಇವರ ಅಂಗಡಿಗೆ ಬಂತು.

ಡಿ. 6, ಶನಿವಾರ

ಡಾಕ್ಟರ್ ಕಡೆ ಹೋಗಿದ್ದೆವು. ಬೆಂಚಿನ ಮೇಲೆ ಸಾಲು. ಬಾಡಗಂಡಿ ಸಕ್ಕರೆ ಫ್ಯಾಕ್ಟರಿಯ ಶಿಫ್ಟ್‌ನವನಿಗೆ ಹಗಲೂ ನಿದ್ದೆ ಹತ್ತದು. ಒಬ್ಬಾಕೆಗೆ ಮಲಗಿದರೆ ಕಾಲು ಸುಮ್ಮನಿರವು. ಒಬ್ಬ ಮಾಸ್ತರರು ಕೋಳಿಗಿಂತ ಮೊದಲೇ ಎದ್ದು ಕೋಳಿಗೆ ಕಾಯುತ್ತಾರಂತೆ. ನಾನೊಬ್ಬಳೇ ಎಂದುಕೊಂಡಿದ್ದೆ. ಊರಿಗೆ ಊರೇ ಕತ್ತಲಲ್ಲಿ ಫ್ಯಾನ್ ನೋಡುತ್ತ ಬಿದ್ದಿದೆ.

"ನಡುವಯಸ್ಸಿನವರಾಗ ಈ ತಕರಾರು ಭಾಳ ಐತ್ರೀ ಅಕ್ಕಾರ. ಬಾಯಿ ಬಿಟ್ಟು ಹೇಳೋರು ಕಡಿಮಿ," ಅಂದರು ಡಾಕ್ಟರ್. "ಎಚ್ಚರ ಆದಾಗ ಏನ್ ಕೇಳತೈತಿ?"

"ಇವರ ಗೊರಕಿ."

"ಹಂಗಾರ ಸ್ವಲ್ಪ ದಿನ ಬ್ಯಾರೆ ಬ್ಯಾರೆ ಮಲಗ್ರಿ."

ಪಕ್ಕದ ಕುರ್ಚಿಯಲ್ಲಿ ಇವರಿಗೆ ಆಗಲೇ ಜೊಂಪು. ತಿವಿದು ಎಬ್ಬಿಸಿದೆ, ತೀರ್ಪು ಕೇಳಿಸಲು. ಗುಳಿಗೆ ಬರೆದುಕೊಟ್ಟರು — ಇಂಗ್ಲಿಷಿನಲ್ಲಿ. ನನ್ನ ಬಿ.ಎ. ಕನ್ನಡದ್ದು.

ಡಿ. 9

ಹೋದರು.

"ಬೆಲ್ಲದ ಸೀಸನ್ ಮುಗಿಯೂತನಾ ಮಹಾಲಿಂಗಪುರದಾಗ ಅಂಗಡಿ ಅಟ್ಟದ ಮ್ಯಾಲ ಮಲಗತೇನಿ. ನೀ ನಿದ್ದಿ ಮಾಡ."

"ನಡುಮನ್ಯಾಗ ಮಲಗಿದ್ರ ಸಾಕಲ್ರಿ."

"ನನ್ನ ಗೊರಕಿ ನಡುಮನಿ ಗ್ವಾಡಿ ಮಾತ ಕೇಳತೈತೇನ?"

ಚಾದರ ಸುತ್ತಿ ಬೈಕಿನ ಹಿಂದೆ ಕಟ್ಟಿದರು. ತಪ್ಪು ತಮ್ಮದೇ ಎಂಬಂಥ ಮುಖ. ಬೇಡ ಅನ್ನಬೇಕಿತ್ತು. ಕಣ್ಣು ಉರಿಯುತ್ತಿತ್ತು, ಅನ್ನಲಿಲ್ಲ.

ಡಿ. 13

ಗೊರಕೆ ಇಲ್ಲ. ನಿದ್ದೆಯೂ ಇಲ್ಲ. ಗುಳಿಗೆ ನುಂಗಿದರೆ ಹಗಲು ಮಂಪರು, ಅಷ್ಟೇ.

ಅರ್ಧ ಹಾಸಿಗೆ ಖಾಲಿ,
ಕಣ್ಣಿಗಿನ್ನೂ ಪಾಳಿ.

ಊಟವಾದ ಮೇಲೆ ಫೋನು ಬರುತ್ತದೆ.

"ನಿದ್ದಿ ಬಂತೇನ ಗಂಗಾ?"

"ಬಂತ್ರಿ." ಸುಳ್ಳು. "ನಿಮಗ?"

"ನನಗ ಯಾವಾಗ ಬಂದಿಲ್ಲ?"

ಆಮೇಲೆ ಫೋನ್ ಇಡು ಎಂದು ಅವರೂ ಹೇಳುವುದಿಲ್ಲ, ನಾನೂ ಇಡುವುದಿಲ್ಲ. ಅಲ್ಲಿ ಎತ್ತಿನ ಗೆಜ್ಜೆ, ಇಲ್ಲಿ ಅತ್ತೆಯ ಟಿವಿ.

ಅವರ ದಿಂಬು ಇಲ್ಲೇ ಉಳಿದಿದೆ. ಕೊಬ್ಬರಿ ಎಣ್ಣೆ, ಬೆಲ್ಲ, ಸ್ವಲ್ಪ ಬೆವರು. ರಾತ್ರಿ ನನ್ನ ಕಡೆ ಎಳೆದುಕೊಳ್ಳುತ್ತೇನೆ. ಬೆಳಿಗ್ಗೆ ಅತ್ತೆ ನೋಡುವ ಮೊದಲು ಇದ್ದಲ್ಲಿ ಇಡುತ್ತೇನೆ. ನಲವತ್ತಾರು ಮುಗಿಯಿತು ನನಗೆ. ಯಾರಿಗೆ ಹೇಳಲಿ ಇದನ್ನು…

ಡಿ. 14, ರವಿವಾರ

ಊಟಕ್ಕೆ ಬಂದಿದ್ದರು. ಮೊಳಕೈ ತರಚಿತ್ತು.

"ಏನಾತ್ರಿ?"

"ಬೆಲ್ಲದ ಪೆಂಟಿ ಎತ್ತುಮುಂದ ಬಾಗಿಲ ಬಡೀತ."

ಅರಿಶಿನ ಹಚ್ಚಿದೆ. ಕೈ ಬೇಗ ಬಿಡಲಿಲ್ಲ. ಅವರೂ ಎಳೆದುಕೊಳ್ಳಲಿಲ್ಲ. ಸಂಜೆಗೆ ಹೊರಟೇಬಿಟ್ಟರು.

ಡಿ. 27, ಶನಿವಾರ. ಬನಹಟ್ಟಿ

ತವರಿಗೆ ಬಂದೆ. ತಮ್ಮ ಶಶಿಕಾಂತ ಕರೆಯುತ್ತಲೇ ಇದ್ದ. ಮುಂದಿನ ಕೋಣೆಯಲ್ಲಿ ಅವನ ಪವರ್‌ಲೂಮ್‌ಗಳು, ಗೋಡೆಗೆ ಹೊಂದಿ ನಾನು. ಮಧ್ಯಾಹ್ನ ಊಟ ಮಾಡಿ ಕೌದಿ ಮೇಲೆ ಉರುಳಿದವಳು, ಆ ಧಡಧಡದಲ್ಲಿ ಸತ್ತವರ ಹಾಗೆ ಮಲಗಿದೆ. ಬಹಳ ದಿನಗಳ ಮೇಲೆ.

ಥಟ್ಟನೆ ಎದ್ದು ಕೂತೆ. ಎದೆ ಹೊಡೆದುಕೊಳ್ಳುತ್ತಿತ್ತು. ಬಾಯಿಂದ ತಾನೇ ಬಂತು: "ಶಶಿ, ಮಗ್ಗ ನಿಂತೈತಿ ನೋಡೋ. ಎಳಿ ಹರದಿರಬೇಕು."

ಹೌದು, ಒಂದು ಮಗ್ಗ ನಿಂತಿತ್ತು. ಅವನು ನಕ್ಕ. "ಥೇಟ್ ಅವ್ವ ನೋಡಕ್ಕಾ ನೀ. ಮಗ್ಗ ನಡದ್ರ ನಿದ್ದಿ, ನಿಂತ್ರ ಎಚ್ಚರ. ನೇಕಾರರ ಮನಿ ಹೆಣ್ಣಮಕ್ಕಳಿಗೆ ಇದೊಂದು ರೋಗ."

ಅವನು ಎಳೆ ಗಂಟು ಹಾಕಿ ಹೋದ. ನನಗೆ ಮತ್ತೆ ಮಲಗಲಾಗಲಿಲ್ಲ.

ಸದ್ದಿಗೆ ನಾನು ಏಳುವವಳೇ ಅಲ್ಲ. ಸದ್ದು ನಿಂತರೆ ಏಳುವವಳು. ಹಾಗಾದರೆ ಜಮಖಂಡಿಯಲ್ಲಿ ನನ್ನನ್ನು ಎಬ್ಬಿಸಿದ್ದು ಗೊರಕೆಯಲ್ಲ, ಗೊರಕೆ ನಿಂತದ್ದು. ಕಣ್ಣು ಬಿಡುವಷ್ಟರಲ್ಲಿ ಅವರು ಮತ್ತೆ ಶುರು ಮಾಡಿರುತ್ತಿದ್ದರು. ಆಗ ಕೇಳಿಸಿದ್ದನ್ನಷ್ಟೇ ಡಾಕ್ಟರಿಗೆ ಹೇಳಿದ್ದೆ.

ಗೊರಕೆ ನಿಂತಾಗ ಉಸಿರು ಏನಾಗಿತ್ತು?

ಪ್ರಾಸ ಹೊಳೆಯುತ್ತಿಲ್ಲ.

ಅದೇ ದಿನ, ಸಂಜೆ

ಡಾಕ್ಟರಿಗೆ ಫೋನ್ ಮಾಡಿದೆ.

"ನಡುನಡುವ ಉಸಿರು ನಿಲ್ಲತೈತಂದ್ರ ಪೇಶಂಟ್ ನೀವಲ್ರೀ ಅಕ್ಕಾರ, ಅವರು. ಹಗಲಿ ತೂಕಡಸ್ತಾರೇನ?"

ನಿಮ್ಮ ಕುರ್ಚಿಯಲ್ಲೇ ತೂಕಡಿಸಿದರು ಎನ್ನಲಿಲ್ಲ. ಬೆಳಗಾವಿಯಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡುತ್ತಾರಂತೆ. ಮಷೀನು ಸಿಗುತ್ತದಂತೆ, ಹಾಕಿಕೊಂಡರೆ ಉಸಿರು ಸರಾಗ. ಅಲ್ಲಿಯವರೆಗೆ ಅಂಗಾತ ಮಲಗಬಾರದು, ಗಾಡಿ ಓಡಿಸಲೇಬಾರದು.

ಇವರಿಗೆ ಫೋನ್ ಹಚ್ಚಿದೆ. ಪೂರ್ತಿ ಕೇಳಿಸಿಕೊಂಡು, "ಉಸಿರ ನಿಂತಾಂವ ಫೋನ್ ಎತ್ತತಾನೇನ ಗಂಗಾ?" ಅಂದರು.

"ಮೊಳಕೈ ತರಚಿದ್ದು ಬಾಗಿಲ ಬಡದಲ್ಲ. ಹೌದಲ್ರಿ?"

ಈ ಸಲ ನಿಜ ಹೇಳಿದರು.

"ಕಬ್ಬಿನ ಟ್ರೇಲರ್ ಹಿಂದ ಬೈಕ್ ಮ್ಯಾಲ ಬರಾಕತ್ತಿದ್ದೆ. ಕಣ್ಣ ಮುಚ್ಚಿದ್ದ ಗೊತ್ತಾಗಲಿಲ್ಲ. ಹೊಲದಾಗ ಹೋಗಿ ಬಿದ್ದಿದ್ದೆ. ಮೆತ್ತನ ಮಣ್ಣ, ಏನ ಆಗಲಿಲ್ಲ."

"ಬೈಕಿನ ಕೀಲಿ ಬಾಜೂ ಅಂಗಡ್ಯಾಗ ಕೊಡ್ರಿ. ನಾಳೆ ನಾ ಬರತೇನಿ."

"ನಿನ್ನ ನಿದ್ದಿ?"

ಇಷ್ಟಾದರೂ ಅದನ್ನೇ ಕೇಳುತ್ತಾರೆ.

ಡಿ. 28, ರವಿವಾರ. ಮಹಾಲಿಂಗಪುರ, ಮಧ್ಯಾಹ್ನ

ಮೊದಲ ಬಸ್ಸಿಗೆ ಬಂದೆ. ಏಣಿ ಹತ್ತಿದರೆ ಅಟ್ಟ. ಇರುವೆ, ಬೆಲ್ಲದ ವಾಸನೆ, ಒಂದೇ ಚಾಪೆ. ಇಲ್ಲಿ ಉಸಿರು ನಿಂತರೆ ಇರುವೆಗಳಿಗಷ್ಟೇ ಗೊತ್ತಾಗುತ್ತಿತ್ತು. ಮಂಗಳವಾರ ಬೆಳಗಾವಿ, ಇಬ್ಬರೂ ಬಸ್ಸಿಗೆ. ಒಪ್ಪಿದ್ದಾರೆ.

ರೊಟ್ಟಿ ಉಣಿಸಿದೆ. ಉಂಡ ಕೂಡಲೇ ಕಣ್ಣು ಎಳೆಯತೊಡಗಿದವು.

"ಮಗ್ಗಲಾಗಿ ಮಲಗ್ರಿ. ನಾ ಕೂತಿರತೇನಿ."

"ಕಾವಲಾ?"

"ಹೂಂ."

"ಸೊರಗಿ ಹೋಗಿದಿ. ನೀನೂ ಇಲ್ಲೇ ಅಡ್ಡಾಗ ಬಾ." ಗೋಡೆ ಕಡೆ ಸರಿದು ಜಾಗ ಬಿಟ್ಟರು.

ಶುರುವಾಯಿತು. ಎಂಥ ಕೆಟ್ಟ ಸದ್ದು. ಇಷ್ಟು ದಿನ ಇದಕ್ಕೇ ಹಂಬಲಿಸಿದೆನೇ… ಒಮ್ಮೆ ನಿಂತಿತು. ಭುಜ ಅಲುಗಿಸಿದೆ. ಉಸಿರು ಎಳೆದುಕೊಂಡರು, ಸದ್ದು ಬಂತು.

ಪಕ್ಕದಲ್ಲಿ ಒರಗಿದ್ದೇನೆ. ಎಡಗೈ ಅವರ ಬೆನ್ನ ಮೇಲೆ, ಬಲಗೈಯಲ್ಲಿ ಪೆನ್ನು. ಬೆನ್ನು ಏರುತ್ತದೆ, ಇಳಿಯುತ್ತದೆ. ಬೆಚ್ಚಗಿದೆ. ನಾನು ಮಲಗಬಾರದು. ಮಲಗಿದರೂ, ಸದ್ದು ನಿಂತ ಕೂಡಲೇ ಏಳುವವಳೇ, ಅದು ಗೊತ್ತು. ಆದರೂ ಮಲಗಬಾರ